ಕುದುರೆ ರಕ್ತದಲ್ಲಿ ‘ಉಣ್ಣೆ ವೈರಸ್’ ಪಾಸಿಟಿವ್: ಕೋಲಾರಕ್ಕೂ ಮಂಗನ ಕಾಯಿಲೆ ಬಂತಾ?

ಲಾಯದ ಮನೆ, ಕೋಲಾರ:
ನಮ್ಮಲ್ಲಿ ಆರು ಕುದುರೆ ಇವೆ, ಮದುವೆ ಮೆರವಣಿಗೆಗೆ ಕೊಡ್ತೀವಿ. ಯುರೋಪಿನಲ್ಲಿ ಉಣ್ಣೆ ಕಚ್ಚಿ ಬರೋ ಮಿದುಳು ಜ್ವರ ಎಲ್ಲಿ ಹರಡಿದೆ ಅಂತ ಕುದುರೆ ರಕ್ತ ನೋಡಿ ಕಂಡುಹಿಡೀತಾರಂತೆ. ವೆಟರ್ನರಿ ಓದ್ತಿರೋ ನನ್ನ ತಂಗಿ ಮಗ ಅದೇ ಕಾಯಿಲೆಯ ಕಿಟ್‌ನಲ್ಲಿ ಆರಕ್ಕೂ ಎಲೈಸಾ (ಸೋಂಕಿನ ವಿರುದ್ಧ ದೇಹ ಮಾಡ್ಕೊಂಡ ಪ್ರತಿಕಾಯ ರಕ್ತದಲ್ಲಿದೆಯಾ ಅಂತ ನೋಡೋ ಟೆಸ್ಟ್) ಮಾಡಿಸಿದ. ನಾಲ್ಕು ಪಾಸಿಟಿವ್! ಜ್ವರ ಇಲ್ಲ, ಹುರುಳಿ ಚೆನ್ನಾಗೇ ತಿಂತಿವೆ. ಮಂಗನ ಕಾಯಿಲೆನೂ ಉಣ್ಣೆಯಿಂದಲೇ ಬರೋದಲ್ವಾ, ಆದ್ರೆ ಮಲೆನಾಡಿನ ಕಡೆ ಒಂದೂ ಹೋಗಿಲ್ಲ. ಬಾಲದ ಬುಡದಲ್ಲಿ ಉಣ್ಣೆ ಮಾತ್ರ ಇದ್ದೇ ಇರ್ತವೆ. ಎರಡು ದಿನದಿಂದ ಮಕ್ಕಳನ್ನ ಲಾಯದ ಹತ್ರ ಬಿಟ್ಟಿಲ್ಲ.

ಪಶುವೈದ್ಯ, ಚಿಂತಾಮಣಿ:
ಮೊದಲು ಮಕ್ಕಳನ್ನ ಬಿಡಿ ಅಣ್ಣ. ಪಾಸಿಟಿವ್ ಅಂದ್ರೆ ಯಾವತ್ತೋ ಸೋಂಕು ತಗುಲಿತ್ತು ಅಂತ ಅಷ್ಟೇ, ಈಗ ವೈರಸ್ ಇದೆ ಅಂತಲ್ಲ. ಲಾಯ ಎಲ್ಲಿದೆ? ನೆಗೆಟಿವ್ ಬಂದ ಎರಡಕ್ಕೆ ವಯಸ್ಸೆಷ್ಟು?

ಲಾಯದ ಮನೆ, ಕೋಲಾರ:
ಕೆರೆ ಕೆಳಗೆ, ಗದ್ದೆ ಪಕ್ಕ. ಬೆಳ್ಳಕ್ಕಿ ತುಂಬಾ, ಹಂದಿಗಳೂ ಇವೆ. ಆ ಎರಡಕ್ಕೂ ಇನ್ನೂ ಎರಡು ವರ್ಷ ತುಂಬಿಲ್ಲ, ಉಳಿದವು ಎಂಟು ದಾಟಿದವು.

ಪಶುವೈದ್ಯ, ಚಿಂತಾಮಣಿ:
ನನ್ನ ಅನುಮಾನ ಉಣ್ಣೆ ಮೇಲಲ್ಲ, ಸೊಳ್ಳೆ ಮೇಲೆ. ಸೊಳ್ಳೆಯಿಂದ ಬರೋ ಮಿದುಳು ಜ್ವರ ಜಪಾನೀಸ್ ಎನ್ಸೆಫಲೈಟಿಸ್ ಕೋಲಾರಕ್ಕೆ ಹಳೇ ಕಾಯಿಲೆ, ಸೊಳ್ಳೆಯೇ ಹರಡೋ ವೆಸ್ಟ್ ನೈಲ್ ವೈರಸ್ ಕೂಡ ಈ ಜಿಲ್ಲೇಲಿ ಸಿಕ್ಕಿದೆ. ಇವೆರಡೂ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ, ಯುರೋಪಿನದ್ದೂ ಒಂದೇ ಫ್ಲಾವಿವೈರಸ್ ಕುಟುಂಬ. ಒಂದರ ಪ್ರತಿಕಾಯ ಇನ್ನೊಂದರ ಎಲೈಸಾದಲ್ಲಿ ಬಣ್ಣ ತೋರಿಸಿ ಪಾಸಿಟಿವ್ ಅನ್ನಿಸಿಬಿಡುತ್ತೆ. ಯುರೋಪಿನಲ್ಲೂ ಎಲೈಸಾ ನಂಬಿ ಕೂರೋದಿಲ್ಲ, ಪ್ರತಿಕಾಯ ಯಾವ ವೈರಸ್ಸನ್ನ ತಡೆಯುತ್ತೆ ಅಂತ ನೋಡೋ ನ್ಯೂಟ್ರಲೈಸೇಶನ್ ಟೆಸ್ಟ್ ಮಾಡಿ ಖಚಿತ ಮಾಡ್ಕೋತಾರೆ. ಅದೇ ಸೀರಮ್ಮನ್ನ (ರಕ್ತದ ತಿಳಿ ಭಾಗ) ಜಪಾನೀಸ್ ಎನ್ಸೆಫಲೈಟಿಸ್, ವೆಸ್ಟ್ ನೈಲ್, ಮಂಗನ ಕಾಯಿಲೆ ಈ ಮೂರೂ ವೈರಸ್ ಎದುರು ಒಟ್ಟಿಗೆ ಇಡಿಸಿ. ಯಾವುದರ ಟೈಟರ್ (ಪ್ರತಿಕಾಯದ ಮಟ್ಟ) ಉಳಿದವಕ್ಕಿಂತ ನಾಲ್ಕು ಪಟ್ಟು ಜಾಸ್ತಿಯೋ, ಸಾಮಾನ್ಯವಾಗಿ ಅದೇ ಕಾರಣ. ಮಂಗನ ಕಾಯಿಲೆ ವೈರಸ್ ಬಳಸೋಕೆ ಹೆಚ್ಚಿನ ಜೈವಿಕ ಭದ್ರತೆಯ ಲ್ಯಾಬೇ ಬೇಕು, ಕಾಲೇಜಲ್ಲಿ ಆಗಲ್ಲ.

ಇನ್ನೊಂದು. ನಿಮಗೆ ಸುದ್ದಿ ಹೇಳೋವು ಆ ಎರಡು ನೆಗೆಟಿವ್ ಮರಿಗಳು. ಪ್ರತಿಕಾಯ ವರ್ಷಗಟ್ಟಲೆ ಉಳಿಯೋದರಿಂದ ದೊಡ್ಡ ಕುದುರೆ ರಕ್ತದಲ್ಲಿ ಹೊಸದು ಹಳೇದು ಗೊತ್ತಾಗಲ್ಲ. ಮಲೆನಾಡಲ್ಲಿ ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಅದಕ್ಕೆ ಮುಂಚೆ ಒಮ್ಮೆ, ಜೂನ್‌ನಲ್ಲಿ ಒಮ್ಮೆ ಮರಿಗಳ ರಕ್ತ ತೆಗೆಸಿ. ನೆಗೆಟಿವ್ ಇದ್ದದ್ದು ತಿರುಗಿದ್ರೆ ಆ ನಡುವೆ ಏನೋ ತಗುಲಿದೆ ಅಂತ. ಉಣ್ಣೆಗಳನ್ನ ಬರಿಗೈಲಿ ಹಿಸುಕಬೇಡಿ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನವಾಗಿ ನೇರಕ್ಕೆ ಎಳೀರಿ, ಸ್ಪಿರಿಟ್ ಸೀಸೆಗೆ ಹಾಕಿ. ಯಾವ ಜಾತಿ ಅಂತ ನೋಡಿಸಬಹುದು.

ಲಾಯದ ಮನೆ, ಕೋಲಾರ:
ಈಗಷ್ಟೇ ಒಂದರ ಬಾಲ ಎತ್ತಿ ಹನ್ನೊಂದು ತೆಗೆದೆ ಡಾಕ್ಟ್ರೇ. ಒಂದು ಹುಣಸೆ ಬೀಜದಷ್ಟು ಊದಿತ್ತು. ಸೀಸೆ ಮೇಲೆ ಕುದುರೆ ಹೆಸರು, ತಾರೀಖು ಬರೆದಿದೀನಿ. ಮಕ್ಕಳು ಲಾಯದಲ್ಲೇ ಇದಾರೆ.