ವಿಷಯ: ‘ರಿಲೇಷನಲ್ ಡೇಟಾಬೇಸ್’ಗೆ ಕನ್ನಡ? (ಸಂಜೆಯೊಳಗೆ ಬೇಕು)

ನಮಸ್ಕಾರ. ಕಾಲೇಜಿನ ವಾಣಿಜ್ಯ ವಿಭಾಗದ ವಸ್ತುಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ಕಂಪನಿಗಳ ಲೆಕ್ಕಪತ್ರ ಕಂಪ್ಯೂಟರಿಗೆ, ಅಂದರೆ ಮಾಹಿತಿ ಜೋಡಿಸಿಟ್ಟು ಬೇಕಾದಾಗ ತೆಗೆದುಕೊಡುವ ಡೇಟಾಬೇಸ್‌ಗೆ, ಹೋದ ಕತೆ. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಚಾರ್ಲ್ಸ್ ಬಾಕ್‌ಮನ್ ಮಾಡಿದ ಐಡಿಎಸ್ ಎಂಬ ಡೇಟಾಬೇಸ್‌ಗೆ ‘ಜಾಲ ಮಾದರಿ’ ಅಂತ, ಅಪೊಲೊ ಯೋಜನೆಯ ಬಿಡಿಭಾಗಗಳ ಪಟ್ಟಿಗೆಂದು ಐಬಿಎಂ ಕಟ್ಟಿದ ಐಎಂಎಸ್‌ಗೆ ‘ಶ್ರೇಣಿ ಮಾದರಿ’ ಅಂತ ಹಾಕಿದೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಕೊಟ್ಟ ರಿಲೇಷನಲ್ ಮಾದರಿಗೆ ಏನು ಹಾಕಲಿ? ಪ್ರೆಸ್ಸಿನವರು ಐದಕ್ಕೆ ಬಾಗಿಲು ಹಾಕುತ್ತಾರೆ.
– ಸು.

ಸಂಬಂಧಾತ್ಮಕ ದತ್ತಸಂಚಯ. ಬಳಕೆಯಲ್ಲಿದೆ. ಮುಗಿಯಿತು.
– ವೆಂ.

ಎಲ್ಲಿ ಮುಗಿಯಿತು? ಸಿಕ್ಕಿದ್ದಕ್ಕೆಲ್ಲ ‘ಆತ್ಮಕ’ ಅಂಟಿಸುವ ಚಾಳಿ ಬಿಡಿ. ‘ನಂಟಿನ ತಿಳಿಕಣಜ’.
– ಬ.

ಇಬ್ಬರೂ ಎಡವಿದ್ದು ಒಂದೇ ಕಲ್ಲಿಗೆ. ಕೋಷ್ಟಕ ಕೋಷ್ಟಕಗಳ ನಡುವಿನ ನಂಟು ಅಂದುಕೊಂಡಿದ್ದೀರಿ. ಕಾಡ್ ಎತ್ತಿಕೊಂಡದ್ದು ಗಣಿತದ ಗಣಸಿದ್ಧಾಂತದ ‘ಸಂಬಂಧ’. ಅಲ್ಲಿ ಕೋಷ್ಟಕವೇ ಸಂಬಂಧ: ಗಿರಾಕಿ ಸಂಖ್ಯೆ, ಹೆಸರು, ಬಾಕಿ ಸೇರಿದರೆ ಒಂದು ಸಾಲು, ಅಂಥ ಸಾಲುಗಳದೊಂದು ಗಣ.

ಐಎಂಎಸ್‌ನಲ್ಲಿ ಎಂಜಿನ್‌ನಿಂದ ಪಂಪು, ಪಂಪಿನಿಂದ ಬೋಲ್ಟು ಅಂತ ಮೆಟ್ಟಿಲಿಳಿಯಬೇಕು. ‘ಈ ಬೋಲ್ಟು ಎಲ್ಲೆಲ್ಲಿ ಕೂತಿದೆ’ ಅಂತ ತಿರುಗಿಸಿ ಕೇಳಿದರೆ ಪಜೀತಿ. ಕಾಡ್ ಆ ಮೆಟ್ಟಿಲನ್ನೇ ಕಿತ್ತುಹಾಕಿದರು. ಏನು ಬೇಕೋ ಹೇಳಿ, ದಾರಿ ಹುಡುಕುವುದು ಯಂತ್ರದ ತಲೆನೋವು. ಐಬಿಎಂ ತನ್ನ ಪ್ರಯೋಗಾಲಯದಲ್ಲಿ ಕಾಡ್ ಮಾದರಿಯ ಸಿಸ್ಟಮ್ ಆರ್ ಕಟ್ಟಿಯೂ ಮೀನಮೇಷ ಎಣಿಸುತ್ತಿತ್ತು, ಈಗಿನ ಒರಾಕಲ್ ಕಂಪನಿ 1979ರಲ್ಲೇ ಎಸ್‌ಕ್ಯೂಎಲ್ (ಹಾಗೆ ಕೇಳುವ ಭಾಷೆ) ಡೇಟಾಬೇಸ್ ಮಾರುಕಟ್ಟೆಗೆ ಬಿಟ್ಟಿತು. ‘ಕೋಷ್ಟಕ ಮಾದರಿ’ ಎನ್ನಿ. ‘ಆತ್ಮಕ’ ಬೇಡ ಅನ್ನುವುದಕ್ಕೆ ಮಾತ್ರ ನಾನು ಬ. ಅವರ ಕಡೆ.
– ಶ್ರೀ.

‘ಡೇಟಾಬೇಸ್’ಗೇ ಯಾರೂ ಕೈ ಹಾಕಲಿಲ್ಲವಲ್ಲ! ನಮ್ಮಲ್ಲಿ ಕಡತ ಇತ್ತು. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಬಾಕಿ ತೀರಿದರೆ ಅಳಿಸಿ ಮತ್ತೆ ಬರೆಯಬಹುದು. ಇನ್ನೇನು ಬೇಕು? ‘ಕಡತಕೋಶ’ ಮಾಡಿ.
– ಗೋ.

ಕಡತ ಈಗ ಫೈಲು. ಒಂದೊಂದು ವಿಭಾಗಕ್ಕೆ ಒಂದೊಂದು ಫೈಲು, ಒಂದೇ ಗಿರಾಕಿಗೆ ಮೂರು ವಿಳಾಸ – ಈ ಕಾಟ ತಪ್ಪಿಸಲೆಂದೇ ಡೇಟಾಬೇಸ್ ಬಂದದ್ದು. ಬೇಡ.
– ಶ್ರೀ.

ಕೋಶವೂ ಸಂಸ್ಕೃತ, ಕೋಷ್ಟಕವೂ ಸಂಸ್ಕೃತ. ‘ಪಟ್ಟಿ’ಗೇನು ಬಂದಿದೆ ರೋಗ?
– ಬ.

ಸ್ವಾಮಿ, ಬಾಕಿ, ಜಮಾ, ಖರ್ಚು, ರಸೀದಿ – ಅಂಗಡಿ ಲೆಕ್ಕದ ಅರ್ಧ ಪದ ಅರಬ್ಬಿ-ಪಾರಸಿಯಿಂದ ಬಂದದ್ದು. ಪಹಣಿ ‘ಭೂಮಿ’ ತಂತ್ರಾಂಶಕ್ಕೆ ಏರಿದಾಗ ರೈತರು ಹೆಸರು ಬದಲಿಸಿ ಅಂತ ಕೇಳಿದರೇನು? ಆ ಪದಗಳಿಗೆ ನಿಮ್ಮ ಅಡ್ಡಿಯಿಲ್ಲ, ಸಂಸ್ಕೃತ ಕಂಡರೆ ಮಾತ್ರ ಮೈಯುರಿ.
– ವೆಂ.

ಅವು ನಾಲಿಗೆಯಲ್ಲಿ ಸವೆದು ಬಂದವು. ನಿಮ್ಮ ದತ್ತಸಂಚಯವನ್ನು ಸಂತೆಯಲ್ಲಿ ಒಬ್ಬನ ಬಾಯಲ್ಲಿ ಕೇಳಿಸಿ, ಆಮೇಲೆ ಮಾತಾಡೋಣ.
– ಬ.

‘ಕೋಷ್ಟಕ ಮಾದರಿಯ ಡೇಟಾಬೇಸ್’ ಅಂತ ಕಳಿಸಿಬಿಟ್ಟೆ. ಶ್ರೀ. ಅವರಿಗೆ ಥ್ಯಾಂಕ್ಸ್.
– ಸು.

ತಿಳಿಕಣಜಕ್ಕೆ ಸಂತೆಯಲ್ಲಿ ಎಷ್ಟು ಗಿರಾಕಿ ಸಿಕ್ಕರು ಅಂತಲೂ ಹೇಳಿಬಿಡಿ.
– ವೆಂ.