ಪದಚರ್ಚೆ: ‘ಲಿಮಿಟೆಡ್ ಎಡಿಷನ್ ಪ್ರಿಂಟ್’ ಸೀಮಿತ ಆವೃತ್ತಿಯೇ, ಎಣಿಕೆಯ ಪಡಿಯಚ್ಚೇ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಬಹಳ ಕಾಲ ವೈದ್ಯರಾಗಿದ್ದು ಈಗ ಮೈಸೂರಿಗೆ ಮರಳಿರುವ ಹಿರಿಯರೊಬ್ಬರು ತಮ್ಮ ಚಿತ್ರಸಂಗ್ರಹಕ್ಕೆ ಕನ್ನಡದಲ್ಲಿ ವಿವರಪಟ್ಟಿ ಬರೆದುಕೊಡಲು ಕೇಳಿದ್ದಾರೆ. ಸಂಗ್ರಹವೆಲ್ಲ ಎರಡನೆಯ ಮಹಾಯುದ್ಧದ ವಿಮಾನಗಳದು: ಸ್ಪಿಟ್‌ಫೈರ್, ಹರಿಕೇನ್, ಲ್ಯಾಂಕಾಸ್ಟರ್, ಎದುರು ಪಾಳೆಯದ ಮೆಸ್ಸರ್‌ಸ್ಮಿಟ್. ಪ್ರತಿಯೊಂದು ಪಟವೂ ಇಂತಿಷ್ಟೇ ಪ್ರತಿ ಎಂದು ಗೊತ್ತುಮಾಡಿ ಅಚ್ಚು ಹಾಕಿಸಿದ್ದು; ಹೆಚ್ಚಿನವುಗಳ ಮೇಲೆ ಆ ವಿಮಾನಗಳಲ್ಲಿ ಹಾರಿದವರ ಸಹಿಗಳಿವೆ. ಪಟ್ಟಿಯ ಪುಟಪುಟಕ್ಕೂ ಬೇಕಾಗುವ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ನನ್ನ ಒಲವು ಯಾವುದರ ಕಡೆಗೆ, ಏಕೆ ಎಂಬುದನ್ನೂ ಹೇಳುತ್ತೇನೆ.

ವಸ್ತು ಎಂಥದ್ದೆಂದು ತಿಳಿದರೆ ಪದ ಹುಡುಕುವುದು ಸುಲಭ. ಲ್ಯಾಂಕಾಸ್ಟರ್ ಬಾಂಬರಿನ ಪಟವೊಂದು ನನ್ನ ಮೇಜಿನ ಮೇಲಿದೆ. ದಪ್ಪ ಕಾಗದ, ನಡುವೆ ಚಿತ್ರ, ಸುತ್ತ ಅಗಲವಾದ ಬಿಳಿ ಅಂಚು. ಕೆಳಗಿನ ಅಂಚಿನಲ್ಲಿ ಎಡಕ್ಕೆ 217/500 ಎಂಬ ಅಂಕಿ (ಐನೂರು ಪ್ರತಿಗಳಲ್ಲಿ 217ನೆಯದು), ಬಲಕ್ಕೆ ಕಲಾವಿದರ ಸಹಿ, ನಡುವೆ ವಿಮಾನದ ತಂಡದಲ್ಲಿದ್ದ ನಾಲ್ವರ ಸಹಿಗಳು. ಎಲ್ಲವೂ ಪೆನ್ಸಿಲಿನಲ್ಲಿ. ಭೂತಗನ್ನಡಿ ಹಿಡಿದರೆ ಮೋಡ, ರೆಕ್ಕೆ, ಹೊಗೆ ಎಲ್ಲವೂ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಾಗಿ ಒಡೆಯುತ್ತವೆ. ಸಹಿಗಳು ಹಾಗೆ ಒಡೆಯುವುದಿಲ್ಲ. ಸೀಸದ ಹೊಳಪು ಹಾಗೆಯೇ ಇರುತ್ತದೆ. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿ ಬರೆದ ಜಾಡು ಕೂಡ ಕಾಣುತ್ತದೆ. ಚಿತ್ರ ಯಂತ್ರದ್ದು, ಅಂಕಿಯೂ ಸಹಿಯೂ ಕೈಯವು. ಸಂಗ್ರಹಿಸುವವರು ಹಣ ಕೊಡುವುದು ಬಹುಮಟ್ಟಿಗೆ ಈ ಎರಡನೆಯದಕ್ಕೆ.

ಈಗ ‘ಸೀಮಿತ ಆವೃತ್ತಿ’ಯ ಮಾತು. ಜಾಹೀರಾತುಗಳಲ್ಲಿ ಇದು ನೆಲೆಯೂರಿಬಿಟ್ಟಿದೆ. ಮೊಬೈಲಿಗೂ ಕಾರಿಗೂ ಇದೇ ಪದ. ಆದರೆ ಕನ್ನಡ ಪುಸ್ತಕಲೋಕದಲ್ಲಿ ಆವೃತ್ತಿ ಎಂದರೆ ಪಠ್ಯದ ಒಂದು ರೂಪ: ಪರಿಷ್ಕೃತ ಆವೃತ್ತಿ, ಜನಪ್ರಿಯ ಆವೃತ್ತಿ. ಪತ್ರಿಕೆಗೆ ಬಂದರೆ ಬೆಂಗಳೂರು ಆವೃತ್ತಿ, ಹುಬ್ಬಳ್ಳಿ ಆವೃತ್ತಿ. ಸಂಸ್ಕೃತದಲ್ಲಿ ಅದರ ಮೂಲಾರ್ಥವೇ ಮರಳಿ ಬರುವುದು, ಮತ್ತೆ ಆಗುವುದು. ಈ ಪಟಗಳ ಪ್ರಕಾಶಕರು ಕೊಡುವ ಮಾತು ಅದಕ್ಕೆ ತೀರ ವಿರುದ್ಧವಾದದ್ದು: ಐನೂರು ಆದ ಮೇಲೆ ಮತ್ತೆ ಅಚ್ಚು ಹಾಕುವುದಿಲ್ಲ. ನಮ್ಮ ಪುಸ್ತಕಗಳ ಎರಡನೆಯ ಪುಟದಲ್ಲಿ ‘ಪ್ರತಿಗಳು: 1000’ ಎಂದು ಮುದ್ರಿಸುವ ಪದ್ಧತಿ ಇದೆಯಲ್ಲ, ನನಗೆ ಬೇಕಾದ ಅರ್ಥಕ್ಕೆ ಅದು ಹೆಚ್ಚು ಹತ್ತಿರ. ಆದ್ದರಿಂದ ‘ಸೀಮಿತ’ವನ್ನೂ ಬಿಟ್ಟು ‘ಎಣಿಕೆಯ’ ಎನ್ನೋಣ ಎಂಬುದು ನನ್ನ ಸಲಹೆ. ಎಣಿಸಿ, ಪ್ರತಿಯೊಂದಕ್ಕೂ ಅಂಕಿ ಬರೆದಿರುವಂಥದ್ದು ಎಂಬ ಅರ್ಥ ಅದರಲ್ಲಿ ತಾನಾಗಿಯೇ ಬರುತ್ತದೆ.

ಇನ್ನು ‘ಪ್ರಿಂಟ್’. ಇಲ್ಲಿ ಎರಡು ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. ಕಲಾವಿದ ತಾಮ್ರದ ತಗಡನ್ನೋ ಕಲ್ಲನ್ನೋ ತಾನೇ ಸಿದ್ಧಪಡಿಸಿ ಅದರಿಂದ ತೆಗೆದ ಅಚ್ಚು ಒಂದು ಬಗೆ. ಅಲ್ಲಿ ಅಚ್ಚಿನ ಹೊರತು ಬೇರೆ ಮೂಲಚಿತ್ರವೇ ಇಲ್ಲ. ವಿಮಾನದ ಪಟಗಳು ಇನ್ನೊಂದು ಬಗೆ: ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಒಂದೇ ಒಂದು ಮೂಲಚಿತ್ರ, ಅದರ ಛಾಯಾಚಿತ್ರ ತೆಗೆದು ಆಫ್‌ಸೆಟ್ಟಿನಲ್ಲಿ ನೂರಾರು ಪ್ರತಿ. ಮೊದಲನೆಯದಕ್ಕೆ ‘ಅಚ್ಚುಚಿತ್ರ’ ಒಪ್ಪುತ್ತದೆ. ಎರಡನೆಯದಕ್ಕೆ ‘ಮಗ ಅಪ್ಪನ ಪಡಿಯಚ್ಚು’ ಎಂದು ದಿನವೂ ಬಳಸುವ ಪದವೇ ಇದೆ. ಮೂಲ ಬೇರೆಡೆ ಇದೆ, ಇದು ಅದರಂತೆಯೇ ಇರುವಂಥದ್ದು ಎಂದು ‘ಪಡಿಯಚ್ಚು’ ಪ್ರಾಮಾಣಿಕವಾಗಿ ಹೇಳುತ್ತದೆ, ಕೊಳ್ಳುವವರಿಗೆ ಮೋಸವಾಗುವುದಿಲ್ಲ. ‘ಪ್ರತಿಕೃತಿ’ ಎಂದರೆ ಕಟ್ಟಡದ ಮಾದರಿಯೋ ದಹಿಸಲು ಮಾಡಿದ ಗೊಂಬೆಯೋ ನೆನಪಾಗುತ್ತದೆ, ಪತ್ರಿಕೆಗಳು ಅದನ್ನು ಅಷ್ಟು ಸವೆಸಿವೆ. ಇಂಕ್‌ಜೆಟ್ ಅಚ್ಚಿಗೆ 1991ರಲ್ಲಿ ಅಮೆರಿಕದ ಮುದ್ರಕ ಜ್ಯಾಕ್ ಡುಗಾನ್ ಇಟ್ಟ ‘ಜಿಕ್ಲೇ’ ಎಂಬ ಹೆಸರನ್ನು ಕನ್ನಡಕ್ಕೆ ತರುವ ಅಗತ್ಯ ನನಗೆ ಕಾಣುವುದಿಲ್ಲ. ಚಿಮ್ಮಿಸುವುದು ಎಂಬರ್ಥದ ಫ್ರೆಂಚ್ ಪದದಿಂದ ಮಾಡಿಕೊಂಡ ವ್ಯಾಪಾರದ ಹೆಸರು ಅದು. ‘ಇಂಕ್‌ಜೆಟ್ ಪಡಿಯಚ್ಚು’ ಎಂದರೆ ಸಾಕು.

ನನಗೆ ನಿಜವಾಗಿ ತೊಡಕಾಗಿರುವುದು ‘ಆರ್ಟಿಸ್ಟ್ಸ್ ಪ್ರೂಫ್’. ನಮ್ಮಲ್ಲಿ ಪ್ರೂಫ್ ಎಂದರೆ ಕರಡು, ತಿದ್ದುವುದಕ್ಕೆ ತೆಗೆದದ್ದು. ಇಲ್ಲಿ ತಿದ್ದುವ ಮಾತೇ ಇಲ್ಲ. ತಗಡಿನಿಂದ ಅಚ್ಚು ತೆಗೆಯುತ್ತಿದ್ದ ಕಾಲದಲ್ಲಿ ಗೆರೆಗಳು ಸವೆಯುವ ಮುನ್ನ ಬಂದ ಮೊದಲ ಕೆಲವು ಹಾಳೆಗಳು ಹೆಚ್ಚು ಸ್ಫುಟವಾಗಿರುತ್ತಿದ್ದವು, ಅವನ್ನು ಕಲಾವಿದ ತನಗೆಂದು ಇಟ್ಟುಕೊಳ್ಳುತ್ತಿದ್ದ. ಆಫ್‌ಸೆಟ್ಟಿನಲ್ಲಿ ಮೊದಲ ಹಾಳೆಗೂ ಐನೂರನೆಯ ಹಾಳೆಗೂ ಅಂಥ ವ್ಯತ್ಯಾಸವಿಲ್ಲ. ಆದರೂ ಪದ್ಧತಿ ಉಳಿದಿದೆ: ಒಟ್ಟು ಸಂಖ್ಯೆಯ ಸುಮಾರು ಹತ್ತನೆಯ ಒಂದು ಪಾಲನ್ನು ಬೇರೆಯಾಗಿ ಎಣಿಸಿ, ಪ್ರೂಫ್ ಎಂದು ಬರೆದು, ಹೆಚ್ಚು ಬೆಲೆಗೆ ಮಾರುತ್ತಾರೆ. ‘ಕರಡು’ ಎಂದು ಬರೆದರೆ ಇದು ಕಚ್ಚಾ ಪ್ರತಿ, ಕಡಿಮೆ ಬೆಲೆಯದು ಎಂದು ಓದುಗರು ತಿಳಿಯುತ್ತಾರೆ. ಸದ್ಯಕ್ಕೆ ‘ಕಲಾವಿದರ ಪಾಲಿನ ಪ್ರತಿ’ ಎಂದು ಬರೆದಿದ್ದೇನೆ. ಅರ್ಥ ಸರಿಯಿದೆ, ಉದ್ದವಾಯಿತು.

ಇನ್ನು ಸಹಿಗಳು. ಬಾತ್ ನಗರದ ಚಿತ್ರಕಾರ ರಾಬರ್ಟ್ ಟೇಲರ್ ಅವರ ಮೊದಮೊದಲ ಸ್ಪಿಟ್‌ಫೈರ್ ಪಟಕ್ಕೆ ಬ್ರಿಟನ್ನಿನ ಯುದ್ಧವೈಮಾನಿಕರಾದ ಡಗ್ಲಸ್ ಬೇಡರ್ ಮತ್ತು ಜಾನಿ ಜಾನ್ಸನ್ ಸಹಿ ಹಾಕಿದ್ದರು. ಕಲಾವಿದರ ಸಹಿಯ ಜೊತೆಗೆ ವೈಮಾನಿಕರ ಸಹಿಯೂ ಇರುವ ಇಂಥ ಪಟಗಳು ಆಮೇಲೆ ಈ ಹವ್ಯಾಸದ ಜೀವಾಳವೇ ಆದವು. ಜರ್ಮನಿಯ ಯುದ್ಧವೈಮಾನಿಕ ಅಡಾಲ್ಫ್ ಗ್ಯಾಲಂಡ್ ಅವರಂಥವರೂ ಹಾಗೆ ಸಹಿ ಮಾಡಿದ್ದಾರೆ. ಒಂದು ಕಾಲಕ್ಕೆ ಪರಸ್ಪರ ಗುಂಡು ಹಾರಿಸಿದವರು ಒಂದೇ ಕಾಗದದ ಮೇಲೆ ಹೆಸರು ಬರೆದಿರುವುದನ್ನು ನೋಡಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ಹೀಗೆ ಕಲಾವಿದರ ಜೊತೆ ಸಹಿ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಕೌಂಟರ್‌ಸೈನ್’ ಎಂಬುದಕ್ಕೆ ಕಚೇರಿ ಕನ್ನಡದಲ್ಲಿ ‘ಮೇಲುರುಜು’ ಇದೆ. ಅದು ಮೇಲಧಿಕಾರಿ ಕೆಳಗಿನವರ ಸಹಿಯನ್ನು ದೃಢೀಕರಿಸುವುದು. ಇಲ್ಲಿ ಮೇಲು ಕೀಳಿನ ಪ್ರಶ್ನೆಯಿಲ್ಲ. ಕ್ರಯಪತ್ರದ ಕೊನೆಯಲ್ಲಿ ಬರುವ ‘ಸಾಕ್ಷಿ’ ನನಗೆ ಇಷ್ಟವಾಯಿತು, ಆದರೆ ಎಲ್ಲ ಸಹಿಗೂ ಅದನ್ನು ಬಳಸಬಾರದು. 1943ರ ಮೇ 16ರ ರಾತ್ರಿ ಲಿಂಕನ್‌ಶೈರ್‌ನ ಸ್ಕ್ಯಾಂಪ್ಟನ್ ನೆಲೆಯಿಂದ 617ನೆಯ ಸ್ಕ್ವಾಡ್ರನ್ನಿನ 19 ಲ್ಯಾಂಕಾಸ್ಟರ್‌ಗಳು ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೋದವು. 133 ಮಂದಿಯಲ್ಲಿ 53 ಮಂದಿ ಸತ್ತರು, ಮೂವರು ಸೆರೆಯಾದರು. ಆ ದಾಳಿಯ ಚಿತ್ರದ ಮೇಲೆ ಹಿಂತಿರುಗಿದವರೊಬ್ಬರ ಸಹಿ ಇದ್ದರೆ ಅದು ‘ಸಾಕ್ಷಿ ಸಹಿ’. ಬೇರೆಲ್ಲೋ ಅದೇ ಮಾದರಿಯ ವಿಮಾನ ನಡೆಸಿದವರ ಸಹಿ ‘ಜೊತೆಸಹಿ’. ದಾಳಿಗೆ ಹೋದವರಲ್ಲಿ ಕೊನೆಯವರೂ 2022ರ ಡಿಸೆಂಬರಿನಲ್ಲಿ ತೀರಿಕೊಂಡರು. ಇನ್ನು ಮುಂದೆ ಬರೆಯುವ ಯಾವ ಅಣೆಕಟ್ಟಿನ ಚಿತ್ರಕ್ಕೂ ಸಾಕ್ಷಿ ಸಹಿ ಸಿಗುವುದಿಲ್ಲ. ಬೆಲೆಯಲ್ಲಿಯೂ ಗೌರವದಲ್ಲಿಯೂ ಈ ವ್ಯತ್ಯಾಸ ದೊಡ್ಡದು, ಪದ ಅದನ್ನು ಮರೆಸಬಾರದು.

ಕೊನೆಗೆ ಪಟ್ಟಿಯ ತಲೆಬರಹ. ‘ವೈಮಾನಿಕ ಕಲೆ’ ಬೇಡ. ವೈಮಾನಿಕ ಸಮೀಕ್ಷೆ ಎಂಬಂತೆ, ಮೇಲಿನಿಂದ ತೆಗೆದ ನೆಲದ ಚಿತ್ರ ಎಂದಾಗುತ್ತದೆ. ‘ಯುದ್ಧಕಾಲದ ವಿಮಾನಚಿತ್ರಗಳು’ ಎಂದರೆ ಯುದ್ಧಕಾಲದ್ದು ವಿಮಾನವೋ ಚಿತ್ರವೋ ತಿಳಿಯದು. ಬ್ರಿಟಿಷ್ ಚಿತ್ರಕಾರ ಪಾಲ್ ನ್ಯಾಶ್ ಆಕ್ಸ್‌ಫರ್ಡಿನ ಬಳಿ ರಾಶಿಬಿದ್ದಿದ್ದ ಜರ್ಮನ್ ವಿಮಾನಗಳ ಅವಶೇಷಗಳನ್ನು ನೋಡಿ 1940–41ರಲ್ಲಿ ಬರೆದದ್ದು ನಿಜವಾಗಿ ಯುದ್ಧಕಾಲದ ಚಿತ್ರ. ಈ ಸಂಗ್ರಹದವು ದಶಕಗಳ ನಂತರ ಬರೆದವು. ನಮ್ಮದೇ ಉದಾಹರಣೆ ಬೇಕೆಂದರೆ, 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟೇರ್ ವಿಮಾನದಿಂದ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಉರುಳಿಸಿ ಮಡಿದ ಕೊಡಗಿನ ಅಜ್ಜಮಾಡ ದೇವಯ್ಯನವರ ಕೊನೆಯ ಹಾರಾಟವನ್ನು ಇಂದು ಯಾರಾದರೂ ಬರೆದರೆ, ವಿಮಾನ ಮಾತ್ರ ಯುದ್ಧಕಾಲದ್ದು. ಹೀಗಾಗಿ ‘ಯುದ್ಧಕಾಲದ ವಿಮಾನಗಳ ಚಿತ್ರಗಳು’ ಎಂದು ಬಿಡಿಸಿ ಬರೆಯುವುದೇ ಲೇಸು ಎನಿಸುತ್ತದೆ.

ನನ್ನ ಪ್ರಶ್ನೆಗಳು ಎರಡು. ಕೆಲವು ಪ್ರತಿಗಳ ಬಿಳಿ ಅಂಚಿನಲ್ಲಿ ಕಲಾವಿದರು ಕೈಯಿಂದಲೇ ಬರೆಯುವ ಪುಟ್ಟ ಪೆನ್ಸಿಲ್ ಚಿತ್ರಕ್ಕೆ ಇಂಗ್ಲಿಷಿನಲ್ಲಿ ‘ರಿಮಾರ್ಕ್’ ಎನ್ನುತ್ತಾರೆ, ಟೀಕೆ ಎಂಬರ್ಥದ ಪದವಲ್ಲ, ಅದರ ಫ್ರೆಂಚ್ ರೂಪ. ‘ಅಂಚುಚಿತ್ರ’ ಎಂದರೆ ಸೀರೆಯ ಅಂಚು ನೆನಪಾದೀತೇ? ಎರಡನೆಯದು ಮುದ್ರಣಾಲಯಗಳ ಒಡನಾಟವಿರುವವರಿಗೆ: 1843ರ ‘ಮಂಗಳೂರ ಸಮಾಚಾರ’ದ ಕಲ್ಲಚ್ಚಿನ ಕಾಲದಿಂದಲೂ ನಮ್ಮಲ್ಲಿ ಅಚ್ಚಿನ ಕೆಲಸ ನಡೆದಿದೆ. ಒಳ್ಳೆಯದಾಗಿ ಬಂದ ಮೊದಲ ಹಾಳೆಗಳನ್ನು ಎತ್ತಿಡುವಾಗ ಅಚ್ಚುಕೂಟದವರು ಅವಕ್ಕೆ ಏನೆನ್ನುತ್ತಿದ್ದರು? ಮಂಗಳೂರು, ಧಾರವಾಡ, ಮೈಸೂರಿನ ಹಳೆಯ ಮುದ್ರಕರ ಬಾಯಲ್ಲಿ ಅಂಥ ಮಾತು ಕೇಳಿದ್ದವರು ದಯವಿಟ್ಟು ತಿಳಿಸಿ. ಅದು ಸಿಕ್ಕರೆ ‘ಕಲಾವಿದರ ಪಾಲಿನ ಪ್ರತಿ’ಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.