ಪುಟ್ಟಿ ಮದುವೆ ಪಟ್ಟಿ, ಸದ್ಯಕ್ಕೆ ಯಾರೂ ಮುಟ್ಟಬೇಡಿ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಲಗ್ನಪತ್ರಿಕೆ ಹಂಚುವ ಪಟ್ಟಿಗೆ ರಾತ್ರಿ ಯಾರೋ ಕೈಹಾಕಿದ್ದಾರೆ, ಹೆಸರು ಒಬ್ಬರದು, ಫೋನ್ ನಂಬರ್ ಇನ್ನೊಬ್ಬರದು ಆಗಿದೆ, ಮುನ್ನೂರು ಮನೆ ಮತ್ತೆ ಬರೆಯಬೇಕಾ ದೊಡ್ಡಮ್ಮ ಅಂತ ಕೇಳಿದ್ದೀಯ. ಅಳಬೇಡ ಮಗಳೇ. ಮೊದಲು ಎಲ್ಲರೂ ಕೇಳಿ. ಗೂಗಲ್ ಶೀಟ್‌ನಲ್ಲಿ ಒಂದೇ ಕಾಲಂ ಹಿಡಿದು ಸಾರ್ಟ್ ಮಾಡಬೇಡಿ. ಹೆಸರು ಮಾತ್ರ ಅಕ್ಷರದ ಸಾಲಿಗೆ ಬರುತ್ತದೆ, ಪಕ್ಕದ ನಂಬರು, ಊರು ಎಲ್ಲ ಇದ್ದಲ್ಲೇ ಕೂತಿರುತ್ತವೆ.

ಇದರ ಪೆಟ್ಟು ನಾನು ತಿಂದಿದ್ದೇನೆ. ನಮ್ಮ ಬಡಾವಣೆ ಗಣಪತಿ ಹಬ್ಬದ ಲೆಕ್ಕ ನನ್ನ ಹತ್ತಿರ ಇತ್ತು, ನಿಮಗೆ ಗೊತ್ತಲ್ಲ. ಮನೆ ನಂಬರು, ಹೆಸರು, ಕೊಟ್ಟ ದುಡ್ಡು, ಮೂರೇ ಕಾಲಂ. ಎಲ್ಲರೂ ಬರೆಯಲಿ ಅಂತ ಲಿಂಕ್ ಇದ್ದವರಿಗೆಲ್ಲ ಎಡಿಟ್ ಕೊಟ್ಟಿದ್ದೆ. ಯಾರೋ ಹೆಸರಿನ ಕಾಲಂ ಒಂದನ್ನೇ ಸಾರ್ಟ್ ಮಾಡಿದ್ದಾರೆ. ನನಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ಕೆಳಗಿನ ಮೊತ್ತ ಸರಿಯಾಗೇ ಇತ್ತು! ದುಡ್ಡಿನ ಕಾಲಂ ಅಲುಗಾಡಿಲ್ಲವಲ್ಲ, ಮೊತ್ತ ಹೇಗೆ ಬದಲಾಗುತ್ತದೆ? ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವಳು ನಾನು, ಮೊತ್ತ ತಾಳೆ ಆಯಿತು ಅಂತ ಪ್ರಿಂಟ್ ತೆಗೆದು ಬೋರ್ಡಿಗೆ ಅಂಟಿಸಿಬಿಟ್ಟೆ.

ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಪೆನ್ಷನ್ ಬಂದ ದಿನವೇ ಸಾವಿರ ರೂಪಾಯಿ ತಂದು ನನ್ನ ಕೈಗೇ ಕೊಟ್ಟಿದ್ದರು. ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ಸೊನ್ನೆ. ಅವರು ಅಲ್ಲಿ ನಿಂತು ಓದಿದ್ದನ್ನು ನಾನು ಮಹಡಿಯಿಂದ ನೋಡಿದೆ. ಒಂದು ಮಾತೂ ಆಡದೆ ಹೋದರು. ಆಮೇಲೆ ಹೋಗಿ ಕೈಹಿಡಿದು ಕ್ಷಮೆ ಕೇಳಿಕೊಂಡೆ, ಆಯಿತಮ್ಮ ಬಿಡಿ ಅಂದರು. ಮುಂದಿನ ವರ್ಷ ದುಡ್ಡು ಕೊಡುವಾಗ ರಸೀದಿ ಕೇಳಿದರು. ಅದು ನನಗೆ ಈಗಲೂ ಚುಚ್ಚುತ್ತದೆ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಒಂದು ಕಾಲಂ ಮಾತ್ರ ಹಿಡಿದು ಸಾರ್ಟ್ ಮಾಡಬೇಡಿ, ಸುಮ್ನೆ ಹೇಳುತ್ತಿಲ್ಲ.

ಅಷ್ಟೆಲ್ಲ ಮಾಡಿದ್ದಕ್ಕೆ ಕೊನೆಗೆ ಆಗಿದ್ದೇನು? ಲೆಕ್ಕ ಬರೆದವಳು ನಾನು, ವೇದಿಕೆ ಮೇಲೆ ಅದನ್ನು ಓದಿದವರಿಗೆ ಶಾಲು. ನಮ್ಮ ಮನೆಯಲ್ಲಾದರೂ ಬೇರೆ ಏನಿದೆ? ಅಮ್ಮನ ವೈಕುಂಠಕ್ಕೆ ಯಾರ್ಯಾರು ಊಟಕ್ಕೆ ಬರುತ್ತೀರಿ ಬರೆಯಿರಿ ಅಂತ ಇದೇ ಗ್ರೂಪಿನಲ್ಲಿ ಶೀಟ್ ಹಾಕಿದ್ದೆ. ಒಬ್ಬರೂ ತೆರೆಯಲಿಲ್ಲ. "ನಮ್ಮದೂ ಸೇರಿಸಿಬಿಡಿ ಅಕ್ಕ" ಅಂತ ಮೆಸೇಜ್, ಎಷ್ಟು ಜನ ಅಂತಲೂ ಇಲ್ಲ. ಅನ್ನ ಸಾಲದೆ ಬಂದಾಗ ಮಾತು ಕೇಳಿದ್ದು ನಾನು. ಈಗ ಪುಟ್ಟಿ ಕೂಡ ಒಬ್ಬಳೇ ಕೂತು ಬರೆದಿದ್ದಾಳೆ. ಅವಳಣ್ಣ ಎಲ್ಲಿ?

ಅಯ್ಯೋ, ನೀನು ಕೇಳಿದ್ದನ್ನೇ ಹೇಳಲಿಲ್ಲ. ಏನೂ ಹೋಗಿಲ್ಲ ಪುಟ್ಟೀ, ಹಳೆಯದು ಒಳಗೇ ಇದೆ. ಫೋನ್ ಬೇಡ, ಕಂಪ್ಯೂಟರ್‌ನಲ್ಲಿ ತೆಗೆ. ಮೇಲೆ ಫೈಲ್ ಅಂತ ಇದೆಯಲ್ಲ, ಅದರಲ್ಲಿ ವರ್ಷನ್ ಹಿಸ್ಟರಿ, ಆಮೇಲೆ ಸೀ ವರ್ಷನ್ ಹಿಸ್ಟರಿ. ಬಲಗಡೆ ದಿನ, ಹೊತ್ತು ಎಲ್ಲ ಬರುತ್ತದೆ. ನಿನ್ನೆ ಸಂಜೆಯದನ್ನು ಒತ್ತಿ ನೋಡು, ನಿಮ್ಮ ಸೋದರತ್ತೆ ಹೆಸರಿನ ಮುಂದೆ ಅವರದೇ ನಂಬರ್ ಇದ್ದರೆ ಅದೇ ಸರಿಯಾದದ್ದು. ರಿಸ್ಟೋರ್ ಕೊಡು. ಆದರೆ ಅದಕ್ಕೂ ಮೊದಲು, ನಿನ್ನೆ ಸಂಜೆಯಿಂದೀಚೆಗೆ ಯಾರಾದರೂ ಹೊಸ ಹೆಸರು ಸೇರಿಸಿದ್ದರೆ ಒಂದು ಚೀಟಿಯಲ್ಲಿ ಬರೆದಿಟ್ಟುಕೋ, ಇಲ್ಲದಿದ್ದರೆ ಅವು ಪಟ್ಟಿಯಿಂದ ಹೋಗುತ್ತವೆ. ಯಾರು ಮಾಡಿದ್ದು ಅಂತ ಹುಡುಕುತ್ತಾ ಕೂರಬೇಡ, ಮದುವೆ ಮನೆ.

ಆಮೇಲೆ ಶೇರ್ ಒತ್ತಿ, ಲಿಂಕ್ ಇದ್ದವರಿಗೆಲ್ಲ ವ್ಯೂವರ್ ಮಾಡು, ನೋಡಲಿ ಅಷ್ಟೇ. ಎಡಿಟರ್ ನೀನು, ನಿನ್ನ ಅಣ್ಣ, ನಾನು, ಸಾಕು. ಹೆಸರು, ನಂಬರು ಅಂತ ತಲೆಬರಹ ಇರುವ ಮೇಲಿನ ಸಾಲನ್ನು ಫ್ರೀಜ್ ಮಾಡಿಡು, ಅದು ಇದ್ದಲ್ಲೇ ಇರುತ್ತದೆ. ಸಾರ್ಟ್ ಬೇಕೇ ಬೇಕು ಅಂದರೆ ಸಾರ್ಟ್ ಶೀಟ್ ಅಂತ ಇರುವುದನ್ನೇ ಒತ್ತು, ಆಗ ಇಡೀ ಸಾಲು ಒಟ್ಟಿಗೆ ಓಡಾಡುತ್ತದೆ. ಲ್ಯಾಪ್‌ಟಾಪ್ ಮುಂದೆ ಕೂತ ಮೇಲೆ ನನಗೆ ವಿಡಿಯೋ ಕಾಲ್ ಮಾಡು, ಸಂಜೆ ದೀಪ ಹಚ್ಚುವವರೆಗೂ ಮನೆಯಲ್ಲೇ ಇರುತ್ತೇನೆ.